ಕೊಲಾಬಾ ಎಷ್ಟು, ಸಾಂತಾಕ್ರೂಜ್ ಎಷ್ಟು? ಮುಂಬಯಿಯ ಉರಿಯುವ ಮಾರ್ಚ್‌ನ ಕತೆ



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹವಾಮಾನದ ಮಾತು ಬಂದಾಗಲೆಲ್ಲ ಎರಡು ಅಂಕಿಗಳನ್ನು ಓದುತ್ತೇವೆ. ಕೊಲಾಬಾದಲ್ಲಿ ಇಷ್ಟು ಡಿಗ್ರಿ, ಸಾಂತಾಕ್ರೂಜ್‌ನಲ್ಲಿ ಇಷ್ಟು ಡಿಗ್ರಿ ಅಂತ. "ಊರು ಒಂದೇ ತಾನೆ, ಲೆಕ್ಕ ಯಾಕೆ ಎರಡು?" ಎಂದು ಕೇಳುವವರು ಇದ್ದೇ ಇದ್ದಾರೆ. ಚಳಿಗಾಲದಲ್ಲಿ ಯಾರೂ ಕೇಳುವುದಿಲ್ಲ. ಶಿವರಾತ್ರಿ ಕಳೆದು, ಚಳಿ ಶಿವ ಶಿವಾ ಎಂದು ಓಡಿಹೋಗಿ, ಲೋಕಲ್ ಟ್ರೈನಿನ ಬಾಗಿಲಲ್ಲಿ ಬೀಸುವ ಗಾಳಿಯೂ ಒಲೆಯ ಮುಂದಿನ ಗಾಳಿಯಂತಾದಾಗ ಈ ಪ್ರಶ್ನೆ ಶುರುವಾಗುತ್ತದೆ. "ನೀವು ಕೊಲಾಬಾ ಮೂವತ್ತಮೂರು ಅಂತೀರಿ, ಇಲ್ಲಿ ಬೋರಿವಲಿಯಲ್ಲಿ ನಾವು ಬೇಯ್ತಾ ಇದ್ದೇವಲ್ಲ ಮಾರಾಯ್ರೆ!"

ಎರಡು ಅಂಕಿ ಯಾಕೆ ಬೇಕು ಎಂಬುದನ್ನು ಈ ಊರು ಒಮ್ಮೆ ಬಹಳ ಕಷ್ಟಪಟ್ಟು ಕಲಿತಿದೆ. 2005ರ ಜುಲೈ 26ರ ಮಳೆಯನ್ನು ಮರೆತವರುಂಟೇ? ಆ ಒಂದು ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕೊಲಾಬಾದಲ್ಲಿ ಸುರಿದದ್ದು ಬರೀ 73. ಅತ್ತ ಉಪನಗರ ಕುತ್ತಿಗೆ ಮಟ್ಟದ ನೀರಲ್ಲಿ ಮುಳುಗಿದ್ದಾಗ ಇತ್ತ ದಕ್ಷಿಣ ಮುಂಬಯಿಯಲ್ಲಿ ಕೊಡೆ ಹಿಡಿದು ನಡೆಯುವಷ್ಟೇ ಮಳೆ. ಮಳೆಯಲ್ಲಿ ಕಂಡ ಈ ವ್ಯತ್ಯಾಸ ಬಿಸಿಲಿನಲ್ಲೂ ಇದೆ. ಅದು ಪ್ರವಾಹದಂತೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಹಾಗಾಗಿ ಈ ಸಲ ಆ ಎರಡು ಅಂಕಿಗಳ ಕತೆ ಹೇಳೋಣ ಅಂದುಕೊಂಡೆ. ಜೊತೆಗೆ, ಕೆಲವು ವರ್ಷ ನಮ್ಮ ಮಾರ್ಚ್ ತಿಂಗಳು ಮೇ ತಿಂಗಳನ್ನೂ ಮೀರಿ ಉರಿಯುವುದು ಏಕೆ ಎಂಬ ಕತೆಯನ್ನೂ.

ಹಡಗಿಗೆ ಹೊತ್ತು ಹೇಳಲು ಕಟ್ಟಿದ ಮನೆ

ಕೊಲಾಬಾದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ್ದು 1826ರಲ್ಲಿ. ಸೆಖೆ ಅಳೆಯಬೇಕೆಂದು ಕಟ್ಟಿಸಿದ್ದಲ್ಲ. ನಕ್ಷತ್ರ ನೋಡಿ ಸರಿಯಾದ ಸಮಯ ಲೆಕ್ಕಹಾಕುವುದು, ಬಂದರಿನ ಹಡಗುಗಳಿಗೆ ಅದನ್ನು ತಿಳಿಸುವುದು, ಇದು ಅದರ ಮೊದಲ ಉದ್ದೇಶ. ನಡುಗಡಲಲ್ಲಿ ತಾನೆಲ್ಲಿದ್ದೇನೆ ಎಂದು ಹಡಗಿಗೆ ಗೊತ್ತಾಗಬೇಕಾದರೆ ಗಡಿಯಾರ ಸರಿಯಿರಬೇಕಲ್ಲ! 1840ರ ದಶಕ ಬರುವಷ್ಟರಲ್ಲಿ ಅಲ್ಲಿ ಭೂಮಿಯ ಅಯಸ್ಕಾಂತ ಶಕ್ತಿಯನ್ನೂ ಗಾಳಿ, ಮಳೆ, ತಾಪಮಾನಗಳನ್ನೂ ಕ್ರಮವಾಗಿ ಬರೆದಿಡುವ ಪದ್ಧತಿ ಆರಂಭವಾಯಿತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅಂದರೆ ಇಲಾಖೆ ಹುಟ್ಟುವ ಮೊದಲೇ ಮುಂಬಯಿಯ ಬಿಸಿಲು ಪುಸ್ತಕದಲ್ಲಿ ದಾಖಲಾಗುತ್ತಿತ್ತು.

1896ರಲ್ಲಿ ಈ ವೀಕ್ಷಣಾಲಯಕ್ಕೆ ಮೊದಲ ಭಾರತೀಯ ನಿರ್ದೇಶಕರು ಬಂದರು. ನಾನಾಭಾಯ್ ಮೂಸ್ ಎಂಬ ಪಾರ್ಸಿ ವಿಜ್ಞಾನಿ. ಅವರ ಕಾಲದಲ್ಲಿ ಒಂದು ವಿಚಿತ್ರ ಸಮಸ್ಯೆ ತಲೆಯೆತ್ತಿತು. ಅಲ್ಲಿಯವರೆಗೆ ಕುದುರೆಗಳು ಎಳೆಯುತ್ತಿದ್ದ ಟ್ರಾಮ್‌ಗಳನ್ನು ವಿದ್ಯುತ್ತಿನಿಂದ ಓಡಿಸುವ ಯೋಜನೆ ಬಂತು. ವಿದ್ಯುತ್ ತಂತಿ ಹತ್ತಿರ ಬಂದರೆ ಅಯಸ್ಕಾಂತದ ಸೂಜಿ ಅಲುಗಾಡುತ್ತದೆ, ದಶಕಗಳ ಲೆಕ್ಕ ಕೆಡುತ್ತದೆ. ಏನು ಮಾಡುವುದು? ಕೊಲ್ಲಿಯಾಚೆ, ಟ್ರಾಮ್ ಎಂದೂ ಬರಲಾರದ ಅಲಿಬಾಗ್‌ನಲ್ಲಿ ಹೊಸ ಅಯಸ್ಕಾಂತ ವೀಕ್ಷಣಾಲಯ ಕಟ್ಟಿ 1904ರಲ್ಲಿ ಕೆಲಸ ಶುರುಮಾಡಿದರು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ತಾಳೆ ನೋಡಿ, ಆಮೇಲೆ ಕೊಲಾಬಾದ ಅಯಸ್ಕಾಂತದ ಕೆಲಸ ನಿಲ್ಲಿಸಿದರು. 1907ರಲ್ಲಿ ಮುಂಬಯಿಯ ರಸ್ತೆಯಲ್ಲಿ ಮೊದಲ ವಿದ್ಯುತ್ ಟ್ರಾಮ್ ಓಡಿತು.

ಈ ಪ್ರಸಂಗ ನನಗೆ ಬಹಳ ಇಷ್ಟ. ಊರು ಬೆಳೆದು ಸೂಜಿಗೆ ತೊಂದರೆ ಕೊಟ್ಟಿತು, ಸೂಜಿಯನ್ನು ದಾಟಿಸಿದರು. ಆದರೆ ಥರ್ಮಾಮೀಟರ್ ಅಲ್ಲೇ ಉಳಿಯಿತು. ಟ್ರಾಮ್‌ನಿಂದ ಅದಕ್ಕೇನೂ ಆಗುವುದಿಲ್ಲ ಎಂಬುದು ಅಂದಿನ ಲೆಕ್ಕ. ಬೆಳೆಯುವ ಊರು ಥರ್ಮಾಮೀಟರನ್ನೂ ಅಲುಗಾಡಿಸಬಲ್ಲದು ಎಂದು ಆಗ ಯಾರು ಯೋಚಿಸಿದ್ದರು?

1956ರ ಹೋಳಿಯ ವಾರ

ಇನ್ನು ಎರಡನೆಯ ಅಂಕಿ. ಸಾಂತಾಕ್ರೂಜ್ ವಿಮಾನ ನಿಲ್ದಾಣದ ಬಳಿಯ ಹವಾಮಾನ ಕೇಂದ್ರದ್ದು. ಇದು ಮೊಮ್ಮಗನ ವಯಸ್ಸಿನದು, ಇದರ ಹಳೆಯ ದಾಖಲೆಗಳೆಲ್ಲ 1950ರ ದಶಕದವು. ಆದರೆ ಮೊಮ್ಮಗ ಅಜ್ಜನಿಗಿಂತ ಬಿಸಿ! ಮುಂಬಯಿಯ ಅತಿ ಹೆಚ್ಚಿನ ತಾಪಮಾನ ಎಂದು ಇಂದಿಗೂ ಹೇಳುವುದು 1952ರ ಏಪ್ರಿಲ್ 14ರಂದು ಸಾಂತಾಕ್ರೂಜ್‌ನಲ್ಲಿ ದಾಖಲಾದ 42.2 ಡಿಗ್ರಿ ಸೆಲ್ಸಿಯಸ್. ಮಾರ್ಚ್ ತಿಂಗಳ ದಾಖಲೆ 1956ರ ಮಾರ್ಚ್ 28ರದು. ಆವತ್ತು 41.7 ಡಿಗ್ರಿ. ಅಂದಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 107. ಫೆಬ್ರವರಿಯ ದಾಖಲೆ 1966ರ 25ರದು, 39.6 ಡಿಗ್ರಿ.

1956ರ ಆ ಬುಧವಾರವನ್ನು ಒಮ್ಮೆ ಊಹಿಸಿಕೊಳ್ಳಿ. ಹೋಳಿ ಹುಣ್ಣಿಮೆಯ ವಾರ. ಊರು ಇನ್ನೂ ಮುಂಬಯಿ ರಾಜ್ಯದ ರಾಜಧಾನಿ. ಸಂಯುಕ್ತ ಮಹಾರಾಷ್ಟ್ರದ ಚಳವಳಿ ಕಾವೇರಿದೆ. ಇಲ್ಲಿಯ ಕನ್ನಡಿಗರು ನವೆಂಬರ್‌ನಲ್ಲಿ ಒಂದಾಗಲಿರುವ ಮೈಸೂರು ರಾಜ್ಯದ ಸುದ್ದಿಯನ್ನು ಪತ್ರಿಕೆಯಲ್ಲಿ ಹುಡುಕುತ್ತಿದ್ದಾರೆ. ಅಂಧೇರಿಯ ಆಚೆ ಗದ್ದೆ, ತೆಂಗು, ತಾಳೆ, ಉಪ್ಪಿನ ಆಗರ. ಗಾಜಿನ ಕಟ್ಟಡ ಒಂದೂ ಇಲ್ಲ. ಮನೆಗಳಲ್ಲಿ ಏರ್ ಕಂಡೀಷನರ್ ಎಂಬುದು ಕೇಳಿದ ಮಾತೂ ಅಲ್ಲ. ಆದರೂ 41.7!

ಹಾಗಾದರೆ "ಮೊದಲು ಹೀಗಿರಲಿಲ್ಲಪ್ಪ" ಎಂದು ನಾವು ಪ್ರತಿ ವರ್ಷ ಹೇಳುವುದು ಸುಳ್ಳೇ? ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಅರ್ಧವನ್ನು ಮೊದಲು ನೋಡೋಣ.

ಮೂಡುಗಾಳಿ, ಪಡುಗಾಳಿ

ನಮ್ಮ ಕರಾವಳಿಯ ಮೊಗವೀರರನ್ನು ಕೇಳಿದರೆ ಇದರ ಉತ್ತರ ಎರಡೇ ಪದದಲ್ಲಿ ಸಿಗುತ್ತದೆ. ಮೂಡುಗಾಳಿ, ಪಡುಗಾಳಿ. ಈ ಊರಿಗೆ ಬಂದು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡ ಜನ ಅವರು. ಗಾಳಿಯ ದಿಕ್ಕು ಅವರಿಗೆ ಹೊಟ್ಟೆಪಾಡಿನ ವಿಷಯ.

ಮಾರ್ಚ್ ತಿಂಗಳ ಬೆಳಗ್ಗೆ ಮುಂಬಯಿಯಲ್ಲಿ ನೆಲದ ಕಡೆಯಿಂದ ಕಡಲಿನ ಕಡೆಗೆ ಗಾಳಿ ಮೆಲ್ಲನೆ ಬೀಸುತ್ತಿರುತ್ತದೆ. ಅದು ಮೂಡುಗಾಳಿ. ಹೊತ್ತು ಏರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ. ಆ ಜಾಗ ತುಂಬಲು ಕಡಲಿನ ಮೇಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ. ಅದು ಪಡುಗಾಳಿ. ಸಾಧಾರಣ ದಿನಗಳಲ್ಲಿ ಮಧ್ಯಾಹ್ನಕ್ಕೆ ಮೊದಲೇ, ಸುಮಾರು ಹನ್ನೊಂದು ಹನ್ನೊಂದೂವರೆಗೆ, ಈ ಅದಲುಬದಲು ನಡೆದುಹೋಗುತ್ತದೆ. ತಾಪಮಾನ ಮೂವತ್ತೆರಡು ಮೂವತ್ತಮೂರರಲ್ಲಿ ನಿಲ್ಲುತ್ತದೆ. ಸಾಂತಾಕ್ರೂಜ್‌ನ ಮಾರ್ಚ್ ತಿಂಗಳ ಸರಾಸರಿ ಗರಿಷ್ಠ ಇರುವುದು 33ರ ಆಸುಪಾಸಿನಲ್ಲೇ.

ಆದರೆ ಕೆಲವು ದಿನ ಪಡುಗಾಳಿ ತಡಮಾಡುತ್ತದೆ. ಒಂದು ಗಂಟೆ, ಎರಡು ಗಂಟೆಯಾದರೂ ಪತ್ತೆಯಿಲ್ಲ. ಯಾಕೆಂದರೆ ಗುಜರಾತ್, ಮಧ್ಯ ಭಾರತದ ಕಡೆ ಗಾಳಿಯ ಒತ್ತಡ ಹೆಚ್ಚಾಗಿ, ಅಲ್ಲಿಂದ ಹೊರಟ ಮೂಡುಗಾಳಿ ಜೋರಾಗಿರುತ್ತದೆ. ಬಾಗಿಲಿಗೆ ಒಳಗಿನಿಂದ ಒಬ್ಬ ಬಲವಾಗಿ ಒರಗಿ ನಿಂತರೆ ಹೊರಗಿನವನು ಬರುವುದು ಹೇಗೆ? ಹಾಗೆ ಕಡಲಿನ ಗಾಳಿ ಬಾಗಿಲಾಚೆ ಕಾಯುತ್ತದೆ. ಒಳಗೆ ಸೂರ್ಯ ನೆತ್ತಿಗೇರಿರುತ್ತಾನೆ.

ಸಾಲದ್ದಕ್ಕೆ ಈ ಮೂಡುಗಾಳಿ ಬರುವುದು ಸಹ್ಯಾದ್ರಿಯನ್ನು ಇಳಿದು. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೋಡಿದ್ದೀರಲ್ಲ? ಒತ್ತಿದ ಗಾಳಿ ಬಿಸಿಯಾಗುತ್ತದೆ. ಘಟ್ಟದಿಂದ ಕೆಳಗಿಳಿಯುವ ಗಾಳಿಯನ್ನೂ ಮೇಲಿನ ಗಾಳಿಯ ಭಾರ ಹಾಗೆಯೇ ಒತ್ತುತ್ತದೆ. ಒಣಗಾಳಿ ನೂರು ಮೀಟರ್ ಇಳಿದರೆ ಸುಮಾರು ಒಂದು ಡಿಗ್ರಿ ಬಿಸಿಯೇರುತ್ತದೆ. ಪುಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಅಲ್ಲಿ 36 ಡಿಗ್ರಿ ಇದ್ದ ಗಾಳಿ ಕೆಳಗಿಳಿದು ನಮ್ಮ ಮಟ್ಟಕ್ಕೆ ಬಂದರೆ ಲೆಕ್ಕದ ಪ್ರಕಾರ 41 ದಾಟುತ್ತದೆ. ಒಲೆ ಹೊತ್ತಿಸಬೇಕಾದ್ದೇ ಇಲ್ಲ!

ಮೇ ತಿಂಗಳಲ್ಲಿ ಹೀಗೆ ಅಪರೂಪಕ್ಕೆ ಆಗುತ್ತದೆ. ಅಷ್ಟರಲ್ಲಿ ಮುಂಗಾರಿನ ಮುನ್ಸೂಚನೆಯಾಗಿ ಪಡುಗಾಳಿ ಸ್ಥಿರವಾಗಿ ಬೀಸತೊಡಗಿರುತ್ತದೆ. ತಾಪಮಾನ 33, 34ರಲ್ಲಿ ನಿಲ್ಲುತ್ತದೆ. ಮೈ ಮಾತ್ರ ಒದ್ದೆ, ಅಂಗಿ ಮೈಗೆ ಅಂಟಿದ್ದು ಬಿಡುವುದಿಲ್ಲ. ಮಾರ್ಚ್ ಹಾಗಲ್ಲ. ಅದು ಎರಡು ಗಾಳಿಗಳು ಹಗ್ಗಜಗ್ಗಾಟ ಆಡುವ ತಿಂಗಳು. ಮೂಡುಗಾಳಿ ಗೆದ್ದ ದಿನ ಮುಂಬಯಿಗೆ ಬಿಜಾಪುರದ ಬಿಸಿಲು ಬರುತ್ತದೆ. ತುಟಿ ಒಡೆಯುತ್ತದೆ, ಒಗೆದು ಹರವಿದ ಬಟ್ಟೆ ಹತ್ತು ನಿಮಿಷದಲ್ಲಿ ಹಪ್ಪಳವಾಗುತ್ತದೆ.

ಕೊಲಾಬಾ ಮತ್ತು ಸಾಂತಾಕ್ರೂಜ್ ನಡುವಿನ ವ್ಯತ್ಯಾಸವೂ ಇಲ್ಲೇ ಇದೆ. ಕೊಲಾಬಾ ಕಡಲೊಳಕ್ಕೆ ಚಾಚಿದ ನಾಲಿಗೆ. ಮೂರು ಕಡೆ ನೀರು. ಗಾಳಿ ಯಾವ ಕಡೆಯಿಂದ ಬಂದರೂ ನೀರು ಮುಟ್ಟಿಯೇ ಬರಬೇಕು. ಸಾಂತಾಕ್ರೂಜ್‌ಗೆ ಆ ಭಾಗ್ಯವಿಲ್ಲ. ಥಾಣೆ, ಕಲ್ಯಾಣ, ಡೊಂಬಿವಲಿಗಳಿಗಂತೂ ಪಡುಗಾಳಿ ತಲುಪುವಾಗ ಅದು ಅರ್ಧ ಊರಿನ ಬಿಸಿಯನ್ನು ಹೊತ್ತುಕೊಂಡಿರುತ್ತದೆ. ಬೋರಿವಲಿಯ ಆ ಕೇಳುಗರು ಹೇಳಿದ್ದು ಸರಿಯೇ.

ಆದ್ದರಿಂದ 1956ರ ದಾಖಲೆಗೆ ಕಾಂಕ್ರೀಟಿನ ಸಹಾಯ ಬೇಕಿರಲಿಲ್ಲ. ಒಂದು ದಿನದ ಉರಿಯನ್ನು ನಿರ್ಧರಿಸುವುದು ಆ ದಿನದ ಗಾಳಿ. ಇದು ಮೊದಲ ಪಾಠ.

ಗಾಳಿಗಾಗಿ ಕಡಿದ ರಸ್ತೆ

ಪಡುಗಾಳಿಯ ಬೆಲೆ ಈ ಊರಿಗೆ ಹಿಂದೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ ಅದಕ್ಕಾಗಿ ರಸ್ತೆಗಳನ್ನೇ ಕಡಿದರು.

1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿಯ ಕಿಕ್ಕಿರಿದ ಓಣಿಗಳಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಗುರುತಿಸಿದವರು ಡಾ. ಅಕಾಸಿಯೊ ವಿಯೇಗಸ್. ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತರು, ಲಕ್ಷಗಟ್ಟಲೆ ಊರು ಬಿಟ್ಟರು. ಕೆಟ್ಟ ಗಾಳಿ, ಕತ್ತಲೆ, ಇಕ್ಕಟ್ಟು ಇವೇ ರೋಗದ ತವರು ಎಂದು ಆಳುವವರು ನಂಬಿದ್ದರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ಕೈಗೆತ್ತಿಕೊಂಡ ಮೊದಮೊದಲ ಕೆಲಸಗಳಲ್ಲಿ ಪ್ರಿನ್ಸೆಸ್ ಸ್ಟ್ರೀಟ್ ಮತ್ತು ಸ್ಯಾಂಡ್‌ಹರ್ಸ್ಟ್ ರಸ್ತೆ ಸೇರಿದ್ದವು. ಇಂದಿನ ಶಾಮಲ್‌ದಾಸ್ ಗಾಂಧಿ ಮಾರ್ಗ ಮತ್ತು ಸರ್ದಾರ್ ವಲ್ಲಭಭಾಯಿ ಪಟೇಲ್ ರಸ್ತೆ. ಪಶ್ಚಿಮದ ಕಡಲ ದಂಡೆಯಿಂದ ಪೂರ್ವದ ಜನನಿಬಿಡ ಮೊಹಲ್ಲಾಗಳ ಕಡೆಗೆ ಅಗಲವಾಗಿ ಕಡಿದ ರಸ್ತೆಗಳು. ಬಂಡಿ ಓಡಲಿ ಎಂಬುದು ಒಂದು ಉದ್ದೇಶ. ಕಡಲಿನ ಗಾಳಿ ಊರಿನ ಹೊಟ್ಟೆಯೊಳಗೆ ಹೋಗಲಿ ಎಂಬುದು ಇನ್ನೊಂದು.

ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ, ಗಾಳಿ ಕೆಟ್ಟಿದ್ದರಿಂದಲ್ಲ. ಅಂದರೆ ರೋಗದ ಬಗ್ಗೆ ಅವರ ಲೆಕ್ಕ ತಪ್ಪಿತ್ತು. ಆ ರಸ್ತೆಗಳಿಗಾಗಿ ಬಡವರ ಎಷ್ಟೋ ಮನೆಗಳನ್ನು ಕೆಡವಿದ್ದೂ ನಿಜ. ಆದರೆ ಗಾಳಿಯ ಲೆಕ್ಕ ಮಾತ್ರ ಸರಿಯಿತ್ತು.

ಅದೇ ಟ್ರಸ್ಟ್ ಕಟ್ಟಡಗಳಿಗೆ ಒಂದು ನಿಯಮ ತಂದಿತು. ಅರವತ್ತಮೂರೂವರೆ ಡಿಗ್ರಿ ನಿಯಮ ಎಂದು ಅದಕ್ಕೆ ಹೆಸರು. ಇದು ಸೆಖೆಯ ಡಿಗ್ರಿ ಅಲ್ಲ, ಕೋನದ ಡಿಗ್ರಿ. ಸರಳವಾಗಿ ಹೇಳಿದರೆ, ಕಟ್ಟಡ ಎಷ್ಟು ಎತ್ತರವೋ ಅದರ ಅರ್ಧದಷ್ಟಾದರೂ ಪಕ್ಕದಲ್ಲಿ ಖಾಲಿ ಜಾಗ ಇರಬೇಕು. ಆಗ ಕೆಳಗಿನ ಮನೆಗೂ ಬೆಳಕು ಬರುತ್ತದೆ, ಗಾಳಿಯೂ ಬರುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ದಾದರ್–ಮಾಟುಂಗಾ ಬಡಾವಣೆಯನ್ನು ಗದ್ದೆ ಗುಂಡಿಗಳ ನಡುವೆ ಯೋಜಿಸಿ ಎಬ್ಬಿಸಿದ್ದೂ ಇದೇ ಟ್ರಸ್ಟ್. ನಮ್ಮವರ ಮಾಟುಂಗಾ! 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ, 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದ ಮಾಟುಂಗಾ. ಇವತ್ತಿಗೂ ಬಿರುಬಿಸಿಲಲ್ಲಿ ಅಲ್ಲಿಯ ಫೈವ್ ಗಾರ್ಡನ್ಸ್ ಕಡೆ ನಡೆದರೆ ಮರದ ನೆರಳು, ಕಟ್ಟಡಗಳ ನಡುವಿನ ಬಿಡುವು ಗಮನಕ್ಕೆ ಬರುತ್ತದೆ. ಅದು ತಾನಾಗಿ ಬಂದದ್ದಲ್ಲ. ಒಂದು ಮಹಾಮಾರಿಗೆ ಹೆದರಿದ ಊರು ಕಾಗದದ ಮೇಲೆ ಗೆರೆ ಎಳೆದು ಮಾಡಿಕೊಂಡದ್ದು.

ನಿಜದ ಅರ್ಧ

ಈಗ "ಮೊದಲು ಹೀಗಿರಲಿಲ್ಲ" ಎಂಬ ಮಾತಿನ ನಿಜದ ಅರ್ಧಕ್ಕೆ ಬರೋಣ.

1933ರಲ್ಲಿ ಆ ಟ್ರಸ್ಟ್ ಮುನಿಸಿಪಾಲಿಟಿಯಲ್ಲಿ ವಿಲೀನವಾಯಿತು. 1950ರಲ್ಲಿ, ಮತ್ತೆ 1957ರಲ್ಲಿ ನಗರದ ಗಡಿ ಉತ್ತರಕ್ಕೆ ಸರಿದು ದಹಿಸರ್, ಮುಲುಂಡ್ ತನಕ ಹೋಯಿತು. ಆಮೇಲಿನದು ನಾವೇ ಕಂಡ ಕತೆ. ಗದ್ದೆ ಹೋಗಿ ಚಾಳ್ ಬಂತು, ಚಾಳ್ ಹೋಗಿ ಟವರ್ ಬಂತು. ಮಿಠಿ ನದಿಯ ಜೌಗು ನೆಲದಲ್ಲಿ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್ ಎದ್ದಿತು. ವಿಮಾನ ನಿಲ್ದಾಣದ ಸುತ್ತ ಮನೆಗೆ ಮನೆ ತಾಗಿ ತಗಡಿನ ಮಾಡುಗಳು ಹರಡಿದವು.

ಒದ್ದೆ ನೆಲ ಮತ್ತು ಮರಗಳು ಬಿಸಿಲನ್ನು ನೀರಾವಿ ಮಾಡುವುದಕ್ಕೆ ಖರ್ಚು ಮಾಡುತ್ತವೆ. ಕಾಂಕ್ರೀಟು, ಡಾಂಬರು ಹಾಗಲ್ಲ. ಹಗಲಿಡೀ ಬಿಸಿಲನ್ನು ಹೀರಿಟ್ಟುಕೊಂಡು ರಾತ್ರಿ ಬಡ್ಡಿ ಸಮೇತ ವಾಪಸು ಕೊಡುತ್ತವೆ. ಎತ್ತರದ ಕಟ್ಟಡಗಳ ಸಾಲು ಗಾಳಿಯನ್ನು ತಡೆಯುತ್ತದೆ. ಪ್ರತಿ ಏರ್ ಕಂಡೀಷನರ್ ಒಳಗಿನ ಸೆಖೆಯನ್ನು ತೆಗೆದು ಹೊರಗಿನ ಓಣಿಗೆ ಎಸೆಯುತ್ತದೆ. ನನ್ನ ಮನೆಯ ತಂಪು ನೆರೆಯವನ ಸೆಖೆ! ನಗರದ ಈ ಸ್ವಂತ ಬಿಸಿಯನ್ನು ವಿಜ್ಞಾನಿಗಳು ಉಷ್ಣದ್ವೀಪ ಎನ್ನುತ್ತಾರೆ. ಏಳು ದ್ವೀಪ ಸೇರಿಸಿ ಕಟ್ಟಿದ ಊರಿಗೆ ಎಂಟನೆಯದೊಂದು ಸಿಕ್ಕಿದಂತಾಯಿತು.

ಇದರ ಮೇಲೆ ಜಗತ್ತಿನ ಬಿಸಿ. ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ, 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಇದು ನಮಗೆ ತಾಗುವ ವಿಷಯ. ನಮ್ಮನ್ನು ತಂಪು ಮಾಡಬೇಕಾದ ಪಡುಗಾಳಿ ಬರುವುದೇ ಆ ಕಡಲಿನಿಂದ. ಕಡಲು ಬಿಸಿಯಾದಷ್ಟೂ ಗಾಳಿಯ ತಂಪು ಕಡಿಮೆ, ತೇವ ಹೆಚ್ಚು.

ಒಂದು ಡಿಗ್ರಿ ಏನು ಮಹಾ ಎನ್ನಬೇಡಿ. ಮಗು ನೆಲದಿಂದ ಎಷ್ಟು ಹಾರುತ್ತದೆ ಎಂಬುದು ಅದರ ಕಾಲಿನ ಬಲ, ಅದು ಗಾಳಿಯ ಲೆಕ್ಕ. ಆದರೆ ನೆಲವನ್ನೇ ಒಂದು ಮೆಟ್ಟಿಲು ಎತ್ತರಿಸಿದರೆ ಅದೇ ಮಗು, ಅಷ್ಟೇ ಹಾರಿ, ಹಿಂದೆ ಎಟುಕದ ತಾರಸಿಯನ್ನು ಮುಟ್ಟುತ್ತದೆ.

ಈಚಿನ ಮಾರ್ಚ್‌ಗಳನ್ನು ನೋಡಿ. 2011ರ ಮಾರ್ಚ್ ಮಧ್ಯದಲ್ಲಿ ಸಾಂತಾಕ್ರೂಜ್ 41 ದಾಟಿ 1956ರ ದಾಖಲೆಯ ಹತ್ತಿರ ಬಂತು. 2018ರ ಮಾರ್ಚ್ 25, ರಾಮನವಮಿಯ ಭಾನುವಾರ, 41 ಡಿಗ್ರಿ. 2019ರ ಮಾರ್ಚ್‌ನಲ್ಲಿ ಮತ್ತೆ 40 ದಾಟಿತು. 2021ರ ಮಾರ್ಚ್ 27ರಂದು 40.9. ಕೊರೋನಾದ ಎರಡನೆಯ ಅಲೆ ಏರುತ್ತಿದ್ದ ದಿನಗಳವು. ಮರುದಿನದಿಂದ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ. ಹತ್ತಡಿ ಕೋಣೆಯಲ್ಲಿ ಆರು ಜನ ಇರುವವರು ರಾತ್ರಿ ಹೊರಗೆ ಬಂದು ಗಾಳಿ ತೆಗೆದುಕೊಳ್ಳುವುದಕ್ಕೂ ಯೋಚಿಸಬೇಕಾಯಿತು.

2022ರ ಮಾರ್ಚ್ ಇಡೀ ದೇಶಕ್ಕೇ ಉರಿ ಮಾರ್ಚ್. 1901ರಿಂದ ಲೆಕ್ಕವಿಟ್ಟಾಗಿನಿಂದ ದೇಶದ ಸರಾಸರಿ ಗರಿಷ್ಠ ತಾಪಮಾನ ಅಷ್ಟೊಂದು ಏರಿದ ಮಾರ್ಚ್ ಇರಲಿಲ್ಲ. ಪಶ್ಚಿಮದಿಂದ ಬಂದು ಉತ್ತರ ಭಾರತಕ್ಕೆ ಮಳೆ ತರುವ ಮಾರುತಗಳು ಆ ಸಲ ಕೈಕೊಟ್ಟವು. ಮಳೆಯಿಲ್ಲದೆ ನೆಲ ಒಣಗಿತು, ಒಣನೆಲ ಇನ್ನಷ್ಟು ಕಾಯಿತು. ಕಾಳು ಕಟ್ಟುವ ಹೊತ್ತಿಗೆ ಪಂಜಾಬ್, ಹರಿಯಾಣಗಳ ಗೋಧಿ ಸೊರಗಿತು. ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಆ ವರ್ಷ ಮಾರ್ಚ್, ಏಪ್ರಿಲ್‌ಗಳಲ್ಲಿ ಭಾರತ ಮತ್ತು ಪಾಕಿಸ್ತಾನವನ್ನು ಸುಟ್ಟ ಬಿಸಿ, ಹವಾಮಾನ ಬದಲಾವಣೆಯಿಂದಾಗಿ ಸುಮಾರು 30 ಪಟ್ಟು ಹೆಚ್ಚು ಸಂಭವನೀಯವಾಯಿತು ಎಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ ಹೇಳಿತು. 2025ರಲ್ಲಿ ಮಾರ್ಚ್‌ವರೆಗೂ ಕಾಯಲಿಲ್ಲ. ಫೆಬ್ರವರಿಯ ಕೊನೆಯ ವಾರದಲ್ಲೇ ಸಾಂತಾಕ್ರೂಜ್ 38 ದಾಟಿತ್ತು.

ಅಂದರೆ ಗಾಳಿಯ ಹಗ್ಗಜಗ್ಗಾಟ ಹಳೆಯದು. ಹಗ್ಗ ಎಳೆಯುವ ಅಂಗಳದ ನೆಲ ಮಾತ್ರ ಎತ್ತರಕ್ಕೆ ಹೋಗಿದೆ. ಇದು ಎರಡನೆಯ ಪಾಠ.

ಅಂಕಿ ಹೇಳದ ಮಾತು

ಕೊನೆಯದಾಗಿ ಒಂದು ಮಾತು. ಹವಾಮಾನ ಇಲಾಖೆಯ ಥರ್ಮಾಮೀಟರ್ ಇರುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ನೆರಳಲ್ಲಿ. ಅಳತೆ ಸರಿಯಾಗಿ ಬರಬೇಕಾದರೆ ಹಾಗೇ ಇಡಬೇಕು, ತಪ್ಪಿಲ್ಲ. ಆದರೆ ಮುಂಬಯಿಯಲ್ಲಿ ಎಷ್ಟು ಜನ ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ ಬದುಕುತ್ತಾರೆ ಹೇಳಿ?

ನಾವು ರೇಡಿಯೋದಲ್ಲಿ 38 ಎಂದಾಗ ತಗಡಿನ ಮಾಡಿನ ಕೆಳಗೆ ಎಷ್ಟಿರುತ್ತದೆ? ದೋಸೆ ಕಾವಲಿಯ ಮುಂದೆ ನಿಂತವನ ಮುಖಕ್ಕೆ ಎಷ್ಟು ತಾಗುತ್ತದೆ? ನಮ್ಮ ಕೇಳುಗರಲ್ಲಿ ಅನೇಕರು ಇದನ್ನು ನನಗೇ ಹೇಳಿಕೊಡಬಲ್ಲರು. ಹಗಲು ಹೋಟೆಲಿನ ಅಡುಗೆಮನೆಯಲ್ಲಿ ಬೆಂದು, ಸಂಜೆ ಬೆವರು ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಬಾಲ್ಯದ ಮಾರ್ಚ್ ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ.

ಕರಾವಳಿಯಲ್ಲಿ ತಾಪಮಾನ 37 ಮುಟ್ಟಿ, ಸರಾಸರಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ ಅದನ್ನು ಬಿಸಿಗಾಳಿ ಎಂದು ಇಲಾಖೆ ಪರಿಗಣಿಸುತ್ತದೆ. ಬಯಲು ಸೀಮೆಗೆ ಈ ಗೆರೆ 40. ಕಡಲ ದಂಡೆಯ ತೇವದಲ್ಲಿ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಗಾಗಿ ಇಲ್ಲಿ ಗೆರೆ ಕೆಳಗಿದೆ. ಆದರೆ ಮೈಗೆ ಗೆರೆಯ ಲೆಕ್ಕ ಗೊತ್ತಿಲ್ಲ. 2023ರ ಏಪ್ರಿಲ್ 16ರ ಭಾನುವಾರ ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ರಾಜ್ಯದ ಪ್ರಶಸ್ತಿ ಸಮಾರಂಭವೊಂದಕ್ಕೆ ಲಕ್ಷಗಟ್ಟಲೆ ಜನ ತೆರೆದ ಮೈದಾನದಲ್ಲಿ ಕೂತಿದ್ದರು. ಆವತ್ತಿನ ತಾಪಮಾನ ಸುಮಾರು 38. ದಾಖಲೆಯೇನೂ ಅಲ್ಲ. ಸಂಜೆಯ ಸುದ್ದಿಯಲ್ಲಿ ಬಿಸಿಲಿನ ಹೊಡೆತಕ್ಕೆ ಸತ್ತವರ ಲೆಕ್ಕ ಬರತೊಡಗಿತು. ಕೊನೆಗೆ ಅದು ಹನ್ನೆರಡನ್ನೂ ಮೀರಿತು. ಅವರನ್ನು ಕೊಂದದ್ದು ಥರ್ಮಾಮೀಟರಿನ ದಾಖಲೆಯಲ್ಲ. ನೆರಳಿಲ್ಲದೆ, ಹೊತ್ತು ನೋಡದೆ ಗಂಟೆಗಟ್ಟಲೆ ಕೂತದ್ದು.

ಇದನ್ನು ತಡೆಯಲು ಬಾರದೆ? ಬರುತ್ತದೆ. 2010ರ ಮೇ ತಿಂಗಳ ಬಿಸಿಗೆ ಅಹಮದಾಬಾದಿನಲ್ಲಿ ಸಾವಿರಕ್ಕೂ ಹೆಚ್ಚು ಜೀವ ಹೋದ ಮೇಲೆ ಆ ನಗರ 2013ರಲ್ಲಿ ಬಿಸಿಲಿಗೊಂದು ಕಾರ್ಯಯೋಜನೆ ಮಾಡಿಕೊಂಡಿತು. ಮುಂಚಿತವಾಗಿ ಎಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆಯ ಸಿದ್ಧತೆ, ಬಡವರ ಮಾಡುಗಳಿಗೆ ಸುಣ್ಣ. ದೊಡ್ಡ ಯಂತ್ರವೇನೂ ಇಲ್ಲ. ಮುಂಬಯಿ ಮಹಾನಗರಪಾಲಿಕೆಯೂ 2022ರ ಮಾರ್ಚ್‌ನಲ್ಲೇ ತನ್ನ ಹವಾಮಾನ ಕ್ರಿಯಾಯೋಜನೆ ಪ್ರಕಟಿಸಿ, ನಗರದ ಬಿಸಿಯನ್ನು ಒಂದು ಅಪಾಯವೆಂದು ಗುರುತಿಸಿತು. ನೂರಿಪ್ಪತ್ತು ವರ್ಷದ ಹಿಂದೆ ತಪ್ಪು ಕಾರಣಕ್ಕೆ ಗಾಳಿಗೆ ದಾರಿ ಬಿಟ್ಟ ಊರು ಇದು. ಈಗ ಸರಿಯಾದ ಕಾರಣ ಗೊತ್ತಿದೆ. ಇನ್ನು ದಾರಿ ಬಿಡಬೇಕು.

ಮೂಸ್ ಅವರ ಕಾಲದಲ್ಲಿ ಅಯಸ್ಕಾಂತದ ಸೂಜಿಯನ್ನು ಅಲಿಬಾಗಿಗೆ ಕಳಿಸಿದ್ದು ಸರಿ. ಊರಿನ ಗದ್ದಲದಿಂದ ಅದನ್ನು ಕಾಪಾಡಬೇಕಿತ್ತು. ಥರ್ಮಾಮೀಟರ್ ಮಾತ್ರ ಊರಿನಲ್ಲೇ ಇರಬೇಕು. ನಾವು ಊರಿಗೆ ಏನು ಮಾಡಿದ್ದೇವೆ ಎಂದು ಅದು ಹೇಳುತ್ತಿರಬೇಕು. ನಮ್ಮ ಕೆಲಸ ಆ ಅಂಕಿಗಳನ್ನು ಓದುವುದು.

ಹಾಗಾಗಿ ಇನ್ನು ಮೇಲೆ ಮಾರ್ಚ್‌ನಲ್ಲಿ "ಕೊಲಾಬಾ ಇಷ್ಟು, ಸಾಂತಾಕ್ರೂಜ್ ಇಷ್ಟು" ಎಂದು ಕೇಳಿದಾಗ ಒಂದು ಕ್ಷಣ ಕಿಟಕಿಯ ಹೊರಗೆ ನೋಡಿ. ಬಟ್ಟೆ ಯಾವ ಕಡೆ ಹಾರುತ್ತಿದೆ? ಹನ್ನೆರಡಾದರೂ ಕಡಲಿನ ಕಡೆಗೇ ಹಾರುತ್ತಿದ್ದರೆ ಅದು ಮೂಡುಗಾಳಿಯ ದಿನ. ಅಂಥ ದಿನ ಮನೆಯ ಹಿರಿಯರನ್ನು ಮಧ್ಯಾಹ್ನ ಬ್ಯಾಂಕಿಗೆ ಕಳಿಸಬೇಡಿ. ವಾಚ್‌ಮನ್‌ಗೆ, ಇಸ್ತ್ರಿಯವನಿಗೆ, ಪಾರ್ಸೆಲ್ ತಂದ ಹುಡುಗನಿಗೆ ಒಂದು ಲೋಟ ನೀರು ಕೊಡಿ. ಬೆಲ್ಲದ ತುಂಡು ಜೊತೆಗಿದ್ದರೆ ನಮ್ಮೂರಿನ ಮರ್ಯಾದೆಯೂ ಉಳಿಯಿತು. ಹೋಟೆಲ್ ನಡೆಸುವವರಾದರೆ ಅಡುಗೆಮನೆಯ ಹುಡುಗರನ್ನು ಸರದಿಯಲ್ಲಿ ಹತ್ತು ನಿಮಿಷ ಹೊರಗೆ ಬಿಡಿ.

ಪಡುಗಾಳಿ ತಡವಾದರೂ ಬಂದೇ ಬರುತ್ತದೆ. ಅಲ್ಲಿಯವರೆಗೆ ಒಬ್ಬರಿಗೊಬ್ಬರು ನೆರಳಾಗಿರೋಣ.